ಮಳೆಯಲ್ಲಿ ಅಳಿಸಿಹೋದ ಜಾಡು: ವಿಸ್ಕಾನ್ಸಿನ್‌ನ ಒಂದು ಮರಸು ಬೇಟೆಯ ಪ್ರಕರಣ

ಸಂಜೆ 4:20ಕ್ಕೆ ಬಾಣ ಬಿಟ್ಟೆ. ಜಿಂಕೆ ಸಿಕ್ಕಿದ್ದು ಮಾರನೇ ದಿನ ಬೆಳಿಗ್ಗೆ 8:05ಕ್ಕೆ. ಬಾಣ ತಾಗಿದ ಜಾಗದಿಂದ 520 ಗಜ ದೂರ, ಅದೂ ಪಕ್ಕದವರ ಜಮೀನಿನಲ್ಲಿ. ನಡುವೆ ಮುಕ್ಕಾಲು ಇಂಚು ಮಳೆ ಸುರಿದು, ರಕ್ತದ ಒಂದು ಹನಿಯೂ ಕಣ್ಣಿಗೆ ಬೀಳದ ಹಾಗೆ ತೊಳೆದುಹಾಕಿತ್ತು. ಕೇಳಿದವರೆಲ್ಲ ಮಳೆಯನ್ನು ಬೈದರು. ನಾನೂ ಮೊದಲು ಅದನ್ನೇ ಬೈದೆ. ಆಮೇಲೆ ಕೂತು ಗಂಟೆ ಗಂಟೆಯ ಲೆಕ್ಕ ಬರೆದಾಗ ಮಳೆಯ ಪಾಲು ಅಂದುಕೊಂಡಷ್ಟು ಇಲ್ಲ ಅಂತ ಗೊತ್ತಾಯಿತು.

ಊರಿನವರು ಓದುತ್ತಾರೆ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಇದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನಡೆದದ್ದು. ಅಲ್ಲಿ ಬಿಳಿಬಾಲದ ಜಿಂಕೆಗಳು ಹತ್ತು ಲಕ್ಷಕ್ಕೂ ಜಾಸ್ತಿ ಇವೆ. ಲೈಸೆನ್ಸ್ ಇದ್ದವರು ಸೀಸನ್‌ನಲ್ಲಿ ಬೇಟೆಯಾಡಬಹುದು. 1973ರಿಂದ ಈಚೆಗೆ ಹುಟ್ಟಿದವರು ಬೇಟೆಯ ತರಬೇತಿ ಕೋರ್ಸ್ ಪಾಸು ಮಾಡಿರಬೇಕು. ನಾನೂ ಮಾಡಿದ್ದೇನೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆಗೆ ಬಾಣ ಬಿಟ್ಟರೆ ಜೈಲೇ ಗತಿ. ಅದು ಹಾಗೇ ಇರಲಿ ಅಂತಲೇ ನನ್ನ ಆಸೆ.

ನಮ್ಮಜ್ಜ ತೀರ್ಥಹಳ್ಳಿ ಕಡೆಯವರು. ಕಾಯ್ದೆ ಬರುವುದಕ್ಕೆ ಮುಂಚೆ ಅವರು ಮರಸು ಕೂರುತ್ತಿದ್ದರಂತೆ. ಮರಸು ಅಂದರೆ ಪ್ರಾಣಿ ಓಡಾಡುವ ದಾರಿಯಲ್ಲಿ ಮರದ ಮೇಲೆ ಅಟ್ಟಣೆ ಕಟ್ಟಿ, ಕೆಮ್ಮದೆ ಸೀನದೆ ಕಾಯುವುದು. ಇನ್ನೊಂದು ಬಗೆ ಸೋವು: ಒಂದಷ್ಟು ಜನ ಹಳು ನುಗ್ಗಿ ಪ್ರಾಣಿ ಓಡಿಸುವುದು, ಉಳಿದವರು ಕೋವಿ ಹಿಡಿದು ಕಾಯುವುದು. ಹಾಗೆ ಕಾಯುವ ಜಾಗಕ್ಕೆ 'ಬಿಲ್ಲು' ಅಂತಲೇ ಹೆಸರು. ಕೈಗೆ ಕೋವಿ ಬಂದರೂ ಬಾಯಲ್ಲಿ ಬಿಲ್ಲು ಉಳಿದುಕೊಂಡಿತ್ತು. ನಾನು ಈಗ ಅಮೆರಿಕದಲ್ಲಿ ನಿಜವಾದ ಬಿಲ್ಲು ಹಿಡಿದು ಮರಸು ಕೂರುತ್ತೇನೆ. ಅಜ್ಜ ಇದ್ದಿದ್ದರೆ ನಗುತ್ತಿದ್ದರು ಅಂತ ಕಾಣುತ್ತೆ.

ಜಾಗ, ಮರ, ಮೋಡ

ವಿಸ್ಕಾನ್ಸಿನ್‌ನ ನೈರುತ್ಯ ಮೂಲೆಯನ್ನು ಡ್ರಿಫ್ಟ್‌ಲೆಸ್ ಅಂತಾರೆ. ಹಿಮಯುಗದಲ್ಲಿ ಸುತ್ತಮುತ್ತಲ ನೆಲವನ್ನೆಲ್ಲ ಹಿಮನದಿಗಳು ಉಜ್ಜಿ ಚಪ್ಪಟೆ ಮಾಡಿದವು, ಈ ತುಂಡನ್ನು ಮಾತ್ರ ಮುಟ್ಟಲಿಲ್ಲ. ಹಾಗಾಗಿ ಇಲ್ಲಿ ಕಡಿದಾದ ಗುಡ್ಡ, ಕಿರಿದಾದ ಕಣಿವೆ, ಕಿಕಾಪೂ ಅನ್ನುವ ಅಂಕುಡೊಂಕು ನದಿ. ಕಣಿವೆಗೆ ಅಲ್ಲಿನವರು 'ಕೂಲಿ' ಅಂತಾರೆ. ಮೊದಲ ಸಲ ಕೇಳಿದಾಗ ದಿನಗೂಲಿಯೇ ನೆನಪಾಗಿತ್ತು.

ನಾನು ಕೂರುವುದು ವರ್ನನ್ ಕೌಂಟಿಯ ಒಬ್ಬ ಹಿರಿಯ ರೈತರ ಜಮೀನಿನಲ್ಲಿ. ಹಿಂದೆ ಹಾಲಿನ ದನ ಸಾಕಿದ್ದವರು, ಈಗ ಹುಲ್ಲು ಬೆಳೆದು ಮಾರುತ್ತಾರೆ. ಗುಡ್ಡದ ನೆತ್ತಿಯಲ್ಲಿ ಹುಲ್ಲುಗಾವಲು, ಇಳಿಜಾರಿನಲ್ಲಿ ವೈಟ್ ಓಕ್ ಮರಗಳು, ತಳದಲ್ಲಿ ಹಳ್ಳ. ಇಳಿಜಾರಿನ ನಡುವೆ ಮೆಟ್ಟಿಲಿನ ಹಾಗೆ ಒಂದು ಸಮತಟ್ಟು ಪಟ್ಟಿ. ಜಿಂಕೆಗಳು ಹಗಲು ಕೆಳಗೆ ಮಲಗಿದ್ದು, ಸಂಜೆ ಈ ಪಟ್ಟಿ ಹಿಡಿದು ಓಕ್ ಕಾಯಿ ತಿನ್ನುತ್ತಾ ಮೇಲೆ ಬರುತ್ತವೆ. ಆ ಪಟ್ಟಿಯ ಮೇಲ್ಬದಿಯ ಓಕ್ ಮರದಲ್ಲಿ, 18 ಅಡಿ ಎತ್ತರಕ್ಕೆ, ನನ್ನ ಸ್ಟ್ಯಾಂಡ್. ಪಟ್ಟಿ ಬಿಗಿದು ಮರಕ್ಕೆ ಕಟ್ಟುವ ಒಂದು ಸಣ್ಣ ಕಬ್ಬಿಣದ ಆಸನ, ಕಾಲಿಡಲು ಜಾಲರಿ, ಅಷ್ಟೆ.

ಅದು ನವೆಂಬರ್ ಮೊದಲ ವಾರ, ಗಂಡು ಜಿಂಕೆಗಳಿಗೆ ಮದವೇರುವ ಹೊತ್ತು. ವರ್ಷವಿಡೀ ಕತ್ತಲಲ್ಲೇ ಓಡಾಡುವ ಗಂಡುಗಳು ಈ ಎರಡು ವಾರ ಹಗಲಲ್ಲೂ ಹೆಣ್ಣಿನ ವಾಸನೆ ಹಿಡಿದು ಅಲೆಯುತ್ತವೆ. ಹಾಗಾಗಿ ರಜೆ ಹಾಕಿದ ದಿನ ಮಳೆ ಅಂತ ಗೊತ್ತಾದರೂ ಮನೆಯಲ್ಲಿ ಕೂರಲು ಮನಸ್ಸು ಬರಲಿಲ್ಲ. ಫೋನಿನ ರೇಡಾರ್ ನೋಡಿದೆ. ಸಂಜೆಯವರೆಗೆ ಸೋನೆ, 9 ಗಂಟೆ ಮೇಲೆ ಜೋರು ಅಂತ ಇತ್ತು. ಗಾಳಿ ವಾಯವ್ಯದಿಂದ. ಸ್ಟ್ಯಾಂಡ್‌ಗೆ ಸರಿಯಾದ ಗಾಳಿಯೇ. ಗುಡುಗು ಇರಲಿಲ್ಲ. ಗುಡುಗಿನ ಸದ್ದು ದೂರದಲ್ಲಿ ಕೇಳಿದರೂ ನಾನು ಮರ ಹತ್ತುವುದಿಲ್ಲ. ಗುಡ್ಡದ ಮೇಲಿನ ಮರದಲ್ಲಿ ಕಬ್ಬಿಣದ ಕುರ್ಚಿ ಹಾಕಿ ಕೂರುವವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಸೋನೆ ಮಳೆಯಲ್ಲಿ ಕೂರುವುದರಲ್ಲಿ ಒಂದು ಸುಖವೂ ಇದೆ. ಒಣಗಿದ ಓಕ್ ಎಲೆ ಹಪ್ಪಳದ ಹಾಗೆ ಸದ್ದು ಮಾಡುತ್ತೆ, ನೆಂದರೆ ಮೆತ್ತಗೆ. ಎಷ್ಟು ನಿಧಾನ ನಡೆದರೂ ಕಾಡಿಗೆಲ್ಲ ಡಂಗುರ ಸಾರುತ್ತಾ ಹೋಗುವ ಪಾಡು ತಪ್ಪುತ್ತೆ. ಆದರೆ ಅದೇ ಮೆತ್ತನೆ ನೆಲದ ಮೇಲೆ ಜಿಂಕೆಯೂ ಸದ್ದಿಲ್ಲದೆ ಬರುತ್ತೆ. ಕಿವಿ ಕೆಲಸಕ್ಕೆ ಬರುವುದಿಲ್ಲ. ಎಲೆಗಳಿಂದ ತೊಟ್ಟಿಕ್ಕುವ ಸದ್ದೇ ಎಲ್ಲ ಕಡೆ.

ಮೈಮೇಲೆ ಒಳಗೆ ಉಣ್ಣೆ, ಹೊರಗೆ ಮಳೆ ಜಾಕೆಟ್. ಮಲೆನಾಡಿನಲ್ಲಿ ಗದ್ದೆ ಕೆಲಸಕ್ಕೆ ಕಂಬಳಿ ಕೊಪ್ಪೆ ಹಾಕುತ್ತಿದ್ದವರನ್ನು ನೋಡಿ ಬೆಳೆದವನು ನಾನು. ಉಣ್ಣೆ ನೆಂದರೂ ಬೆಚ್ಚಗಿರುತ್ತೆ, ಬಟ್ಟೆಗೆ ಬಟ್ಟೆ ಉಜ್ಜಿದರೆ ಸದ್ದೂ ಇಲ್ಲ. ಆ ದಿನ ಬರೀ ಉಣ್ಣೆಯಲ್ಲೇ ಕೂತಿದ್ದರೆ ಈ ಬರಹ ಬರೆಯುವ ಕೆಲಸ ಇರುತ್ತಿರಲಿಲ್ಲ. ಹೊಸ ಜಾಕೆಟ್ ಕೊಂಡಿದ್ದೆ, ಹಾಕಬೇಕಲ್ವಾ.

ಬಾಣ

ನನ್ನದು ಕಾಂಪೌಂಡ್ ಬಿಲ್ಲು. ಎರಡು ತುದಿಯಲ್ಲಿ ರಾಟೆ ಇರುವ ಬಗೆ. ಮಿಸೌರಿಯ ಹೋಲೆಸ್ ವಿಲ್ಬರ್ ಆಲೆನ್ ಎಂಬಾತ 1969ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಎಳೆಯುವಾಗ 60 ಪೌಂಡ್ ಭಾರ. ಪೂರ್ತಿ ಎಳೆದ ಮೇಲೆ ರಾಟೆ ತಿರುಗಿ ಭಾರ 12 ಪೌಂಡಿಗೆ ಇಳಿಯುತ್ತೆ, ಹಾಗಾಗಿ ಗುರಿ ಹಿಡಿದು ಕಾಯಬಹುದು. ಬಾಣದ ತುದಿಗೆ ಮೂರು ಅಲಗಿನ ಬ್ರಾಡ್‌ಹೆಡ್. ವಿಸ್ಕಾನ್ಸಿನ್ ಕಾನೂನಿನ ಪ್ರಕಾರ ಅಲಗಿನ ಅಗಲ ಒಂದು ಇಂಚಿನ ಎಂಟನೇ ಏಳು ಭಾಗಕ್ಕಿಂತ ಕಮ್ಮಿ ಇರಬಾರದು. ಗುಂಡಿನ ಹಾಗೆ ಬಡಿದು ಕೆಡವುವುದು ಬಾಣದ ಕೆಲಸವಲ್ಲ. ಅದು ಕೊಯ್ಯುತ್ತೆ, ರಕ್ತ ಹೋಗುತ್ತೆ, ಪ್ರಾಣಿ ಸಾಯುತ್ತೆ. ಎರಡೂ ಶ್ವಾಸಕೋಶ ಕೊಯ್ದರೆ ಸಾಮಾನ್ಯವಾಗಿ 100, 150 ಗಜದೊಳಗೆ ಬೀಳುತ್ತೆ. ಅಲ್ಲಿಂದ ಒಂದು ಗೇಣು ಹಿಂದೆ ಹೋದರೆ ಕತೆಯೇ ಬೇರೆ.

ಮಳೆಗೆ ತಯಾರಿ ಮಾಡಿಕೊಂಡಿದ್ದೆ ಅಂತಲೇ ನಂಬಿದ್ದೆ. ಹೆದೆಗೆ ಮೇಣ ಉಜ್ಜಿದ್ದೆ. ಬಾಣಕ್ಕೆ ಟರ್ಕಿ ಕೋಳಿಯ ಗರಿ ಬದಲು ಪ್ಲಾಸ್ಟಿಕ್ ರೆಕ್ಕೆ. ನಿಜವಾದ ಗರಿ ನೆಂದರೆ ಬಾಣಕ್ಕೆ ಅಂಟಿಕೊಂಡು ಮಲಗಿಬಿಡುತ್ತೆ. ದೂರ ಅಳೆಯುವ ಲೇಸರ್ ಯಂತ್ರ ಮಳೆಯಲ್ಲಿ ಹನಿಗೇ ತಾಗಿ ಸುಳ್ಳು ಲೆಕ್ಕ ಕೊಡುತ್ತೆ. ಅದಕ್ಕೇ ಹತ್ತಿದ ಕೂಡಲೇ, ಹನಿ ಸಣ್ಣಗಿದ್ದಾಗ, ನಾಲ್ಕು ಮರಗಳ ದೂರ ಅಳೆದು ನೆನಪಿಟ್ಟುಕೊಂಡಿದ್ದೆ. ಕವಲು ಮರ 24 ಗಜ. ಹೆದೆಯ ನಡುವೆ ಕಣ್ಣಿಟ್ಟು ನೋಡುವ ಪೀಪ್ ಅನ್ನುವ ಪುಟ್ಟ ತೂತು ಇರುತ್ತೆ. ಅದರಲ್ಲಿ ನೀರಿನ ಹನಿ ಕೂತರೆ ಎಲ್ಲ ಮಸುಕು. ಹತ್ತು ನಿಮಿಷಕ್ಕೊಮ್ಮೆ ಅದನ್ನು ಊದುತ್ತಿದ್ದೆ.

4:15ಕ್ಕೆ ಎಡಗಡೆ ಒಂದು ಹೆಣ್ಣು ಬಂತು, ಬಾಲ ಒಂದು ಪಕ್ಕಕ್ಕೆ ಹಿಡಿದುಕೊಂಡು. ಅದರ ಹಿಂದೆ 30 ಗಜದಲ್ಲಿ ಗಂಡು. ಎಂಟು ಕವಲಿನ ಕೊಂಬು, ಕತ್ತು ಊದಿಕೊಂಡು ದಪ್ಪ. ನೆಂದು ಕಪ್ಪಾಗಿ ಕಾಣುತ್ತಿತ್ತು. ಎಡದಿಂದ ಬಲಕ್ಕೆ ನಡೆಯುತ್ತಾ ಕವಲು ಮರದ ಹತ್ತಿರ ಬಂತು. ಬಾಯಲ್ಲೇ ಮೆಲ್ಲಗೆ "ಮ್ಯಾ" ಅಂದೆ. ನಿಂತಿತು. ಪೂರ್ತಿ ಅಡ್ಡಲಾಗಿ, ಬಲ ಪಕ್ಕೆ ನನ್ನ ಕಡೆಗೆ. ಇದಕ್ಕಿಂತ ಒಳ್ಳೆ ಅವಕಾಶ ಸಿಗುವುದಿಲ್ಲ. ಭುಜದ ಹಿಂದೆ ಗುರಿ ಇಟ್ಟು ಬಿಟ್ಟೆ.

ಬಿಟ್ಟ ಗಳಿಗೆಯಲ್ಲೇ ಏನೋ ತಪ್ಪಾಯಿತು ಅನ್ನಿಸಿತು. ಮಾಮೂಲಿ ಸದ್ದಲ್ಲ. ಒದ್ದೆ ಬಟ್ಟೆ ಒಗೆಯುವ ಕಲ್ಲಿಗೆ ತಟ್ಟಿದ ಹಾಗೆ 'ಟಪ್' ಅಂತ ಒಂದು ಚಿಕ್ಕ ಸದ್ದು, ನನ್ನ ಎಡಗೈ ಹತ್ತಿರ. ಬಾಣ ಗುರಿ ಇಟ್ಟ ಜಾಗದಿಂದ ಐದಾರು ಇಂಚು ಹಿಂದೆ ತಾಗಿ ಆ ಕಡೆ ಹೊರಬಿತ್ತು. ಜಿಂಕೆ ಹಿಂಗಾಲು ಒದೆಯಲಿಲ್ಲ, ಚಂಗನೆ ಓಡಲಿಲ್ಲ. ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಬಾಲ ಒತ್ತಿಕೊಂಡು, ಹೊಟ್ಟೆನೋವಿರುವ ಮನುಷ್ಯನ ಹಾಗೆ ನಡೆದುಹೋಯಿತು. ಒಂದು ಸಲ ನಿಂತಿತು. ಆಮೇಲೆ ಪಟ್ಟಿಯ ಅಂಚು ದಾಟಿ ಕೆಳಗೆ ಮರೆಯಾಯಿತು.

ಬೆನ್ನು ಬಗ್ಗಿಸಿದರೆ ಏಟು ಹಿಂದೆ ಬಿದ್ದಿದೆ ಅಂತ ಅರ್ಥ: ಪಿತ್ತಜನಕಾಂಗ, ಇಲ್ಲವೇ ಹೊಟ್ಟೆ. ಈ ಪಾಠ ನನಗೆ ಬಾಯಿಪಾಠ ಇತ್ತು. ಪಿತ್ತಜನಕಾಂಗಕ್ಕೆ ತಾಗಿದರೆ ನಾಲ್ಕರಿಂದ ಆರು ಗಂಟೆ ಕಾಯಬೇಕು, ಹೊಟ್ಟೆಗಾದರೆ ಎಂಟರಿಂದ ಹನ್ನೆರಡು. ಎಬ್ಬಿಸದಿದ್ದರೆ ಜಿಂಕೆ ಹತ್ತಿರದಲ್ಲೇ ಎಲ್ಲಾದರೂ ಮಲಗುತ್ತೆ, ಮಲಗಿದಲ್ಲೇ ಸಾಯುತ್ತೆ. ಗೊತ್ತಿರುವುದು ಬೇರೆ, ಆ ಹೊತ್ತಿಗೆ ಮಾಡುವುದು ಬೇರೆ.

ಇಳಿಯುವಾಗ

ಬಾಣ ಬಿಟ್ಟ ಮೇಲೆ ಕೈಕಾಲು ನಡುಗುತ್ತೆ, ಎಷ್ಟು ವರ್ಷದ ಅನುಭವ ಇದ್ದರೂ. ಅದಕ್ಕೇ 25 ನಿಮಿಷ ಕೂತೇ ಇದ್ದೆ. ಅಷ್ಟರಲ್ಲಿ ಸೋನೆ ಹೋಗಿ ಹನಿ ದಪ್ಪವಾಗಿತ್ತು. ಫೋನ್ ತೆಗೆದು ನೋಡಿದರೆ ರೇಡಾರಿನಲ್ಲಿ ಹಳದಿ ಪಟ್ಟಿ ಆಗಲೇ ಮಿಸಿಸಿಪಿ ನದಿ ದಾಟಿತ್ತು. 9 ಗಂಟೆಯ ಮಳೆ 5 ಗಂಟೆಗೇ ಬರುತ್ತಿತ್ತು.

ಅವಸರ ಶುರುವಾಯಿತು. ಬಿಲ್ಲನ್ನು ಹಗ್ಗಕ್ಕೆ ಕಟ್ಟಿ ಮೊದಲು ಇಳಿಸಿದೆ. ಬಾಣಗಳೆಲ್ಲ ಬತ್ತಳಿಕೆಯಲ್ಲಿ. ಅಲಗು ಹೊರಗಿದ್ದ ಬಿಲ್ಲು ಬೆನ್ನಿಗೆ ಹಾಕಿಕೊಂಡು ಇಳಿಯುವುದು ಹುಚ್ಚುತನ. ಆಮೇಲೆ ನಾನು. ಹಾರ್ನೆಸ್, ಅಂದರೆ ಬೀಳದ ಹಾಗೆ ಮೈಗೆ ಬಿಗಿದುಕೊಳ್ಳುವ ಪಟ್ಟಿಗಳು, ಮೈಮೇಲಿತ್ತು. ಮರದ ಮೇಲಿಂದ ಬುಡದವರೆಗೆ ಲೈಫ್‌ಲೈನ್ ಹಗ್ಗ, ಅದರ ಮೇಲೆ ಪ್ರೂಸಿಕ್ ಗಂಟು, ಗಂಟಿಗೆ ಹಾರ್ನೆಸ್‌ನ ಪಟ್ಟಿ. ಗಂಟನ್ನು ಕೈಯಲ್ಲಿ ಜಾರಿಸುತ್ತಾ ಇಳಿಯಬೇಕು. ಭಾರ ಬಿದ್ದರೆ ಹಿಡಿದುಕೊಳ್ಳುತ್ತೆ. ನೆಂದ ಹಗ್ಗದಲ್ಲಿ ಗಂಟು ಬಿಗಿಯಾಗಿ, ಜಾರಿಸಲು ಎರಡು ಕೈ ಬೇಕಾಗುತ್ತಿತ್ತು. ಎರಡು ಕೈ ಗಂಟಿಗೆ ಹೋದರೆ ಮೆಟ್ಟಿಲು ಹಿಡಿಯುವುದು ಯಾವುದರಿಂದ?

ನೆಲ ಇನ್ನು ಎಂಟು ಅಡಿ ಇರುವಾಗ ಬೂಟು ಜಾರಿತು. ಕೆಸರು ಹಿಡಿದ ಅಟ್ಟೆ, ಒದ್ದೆ ಕಬ್ಬಿಣ. ಒಂದು ಅಡಿಯಷ್ಟು ಬಿದ್ದು ಗಂಟು ಹಿಡಿಯಿತು. ಮೊಣಕಾಲು ಮರಕ್ಕೆ ಬಡಿದು ಚರ್ಮ ಹೋಯಿತು, ಅಷ್ಟೆ. ತೂಗಾಡುತ್ತಾ ಕಾಲಿಗೆ ಮೆಟ್ಟಿಲು ಸಿಕ್ಕುವವರೆಗೆ ಹತ್ತು ಸೆಕೆಂಡ್ ಆಗಿರಬಹುದು. ಗಂಟು ಇಲ್ಲದಿದ್ದರೆ ಬೆನ್ನ ಮೇಲೆ ಬೀಳುತ್ತಿದ್ದೆ, ಕೆಳಗೆ ಕಲ್ಲಿತ್ತು. ಹಾರ್ನೆಸ್ ಕೊಂಡವರೂ ಎಷ್ಟೋ ಜನ ಅದನ್ನು ಮೇಲೆ ಕೂತ ಮೇಲೆ ಮರಕ್ಕೆ ಸಿಕ್ಕಿಸುತ್ತಾರೆ, ಹತ್ತುವಾಗ ಇಳಿಯುವಾಗ ಸುಮ್ನೆ ಬಿಡುತ್ತಾರೆ. ಜಾರುವುದು ಹತ್ತುವಾಗ ಇಳಿಯುವಾಗಲೇ. ಬಿದ್ದು ಹಾರ್ನೆಸ್‌ನಲ್ಲಿ ನೇತಾಡುತ್ತಾ ಉಳಿದರೂ ಅಪಾಯ. ತೊಡೆಯ ಪಟ್ಟಿ ಬಿಗಿದು ಕಾಲಿನ ರಕ್ತ ಮೇಲೆ ಬರುವುದಿಲ್ಲ, ತುಸು ಹೊತ್ತಿಗೇ ಪ್ರಜ್ಞೆ ತಪ್ಪಬಹುದು. ಅದಕ್ಕೇ ಕಾಲಿಟ್ಟು ನಿಲ್ಲಲು ಒಂದು ಕುಣಿಕೆ ಪಟ್ಟಿ ಜೇಬಲ್ಲಿ ಇರಬೇಕು. ನನ್ನದು ಆ ದಿನ ಮರದ ಬುಡದಲ್ಲಿಟ್ಟ ಬ್ಯಾಗಿನಲ್ಲಿತ್ತು.

ನಲವತ್ತು ಹೆಜ್ಜೆ

ಬಾಣ ಕವಲು ಮರದ ಆಚೆ ಎಲೆಯಲ್ಲಿ ಬಿದ್ದಿತ್ತು. ಮಳೆ ಅರ್ಧ ತೊಳೆದಿದ್ದರೂ ರೆಕ್ಕೆಗಳ ಸಂದಿಯಲ್ಲಿ ರಕ್ತ ಉಳಿದಿತ್ತು. ಶ್ವಾಸಕೋಶದ ರಕ್ತವಾದರೆ ತಿಳಿಗೆಂಪು, ನೊರೆ ಇರುತ್ತೆ. ಇದು ಕಂದು ಬೆರೆತ ಕಡುಗೆಂಪು. ಮೂಗಿನ ಹತ್ತಿರ ಹಿಡಿದೆ. ಹುಳಿ ಬಂದ ಹುಲ್ಲಿನ ವಾಸನೆ. ಅಲ್ಲಿಗೆ ಅನುಮಾನ ಉಳಿಯಲಿಲ್ಲ: ಪಿತ್ತಜನಕಾಂಗ ಸೇರಿಸಿ ಹೊಟ್ಟೆ.

ಈಗ ಮಾಡಬೇಕಿದ್ದದ್ದು ಒಂದೇ. ಅಲ್ಲಿ ಒಂದು ಕಿತ್ತಳೆ ರಿಬ್ಬನ್ ಕಟ್ಟಿ, ಬಂದ ದಾರಿಯಲ್ಲೇ ವಾಪಸ್ ಹೋಗುವುದು. ರಿಬ್ಬನ್ ಕಟ್ಟಿದೆ. ಆದರೆ ವಾಪಸ್ ಹೋಗಲಿಲ್ಲ. ಒಂದು ಎಲೆಯ ಮೇಲೆ ಎಂಟಾಣೆ ಅಗಲದ ಕಲೆ ಕಾಣಿಸಿತು. ನಾನು ನೋಡುತ್ತಿದ್ದ ಹಾಗೇ ಅದರ ಮೇಲೆ ಎರಡು ಹನಿ ಬಿದ್ದವು. ಕಲೆಯ ಅಂಚು ಗುಲಾಬಿಯಾಗಿ ಹರಡಿತು, ಎಲೆಯ ನರದಗುಂಟ ಹರಿದು ತೊಟ್ಟಿನಿಂದ ಕೆಳಗಿಳಿಯಿತು. ಅರ್ಧ ನಿಮಿಷದಲ್ಲಿ ಅದು ಬರೀ ಒದ್ದೆ ಎಲೆ. ಇನ್ನು ಹತ್ತು ನಿಮಿಷಕ್ಕೆ ಕಾಡಿನಲ್ಲಿ ಏನೂ ಉಳಿಯುವುದಿಲ್ಲ ಅಂತ ಎದೆ ಹೊಡೆದುಕೊಂಡಿತು. ಅಂಚಿನವರೆಗೆ ಮಾತ್ರ, ಕೊನೆಗೆ ಕಂಡ ಜಾಗ ಮಾತ್ರ ನೋಡಿ ಬರೋಣ ಅಂತ ಹೆಜ್ಜೆ ಇಟ್ಟೆ. ನಲವತ್ತು ಹೆಜ್ಜೆ. ಆಮೇಲೆ ಎಣಿಸಿದ್ದೇನೆ.

ಅಂಚಿನಲ್ಲಿ ನಿಂತು ಟಾರ್ಚ್ ಹಾಕಿದ ಕೂಡಲೇ ಕೆಳಗೆ ಕೊಂಬೆ ಮುರಿದ ಸದ್ದು. ಭಾರವಾದ ಪ್ರಾಣಿ ಎದ್ದು ನಡೆದ ಸದ್ದು. ಆಮೇಲೆ ಮಳೆ ಧೋ ಅಂತ ಬಂದು ಎಲ್ಲ ಮುಚ್ಚಿಹೋಯಿತು.

ಹಿರಿಯ ರೈತರ ಮನೆಗೆ ಹೋದಾಗ ತಲೆಯಿಂದ ನೀರು ಸುರಿಯುತ್ತಿತ್ತು. ಅವರು ಟವೆಲ್ ಕೊಟ್ಟು, ಬಾಣ ಮೂಸಿ ನೋಡಿ, ಮೆಟ್ಟಿಲ ಮೇಲೆ ಕೂತರು. "ಎಬ್ಬಿಸಿದೆಯಾ?" ಅಂದರು. ಹೌದು ಅಂದೆ. "ಮಳೆ ರಕ್ತ ತೊಳೆಯುತ್ತೆ ಅಷ್ಟೆ, ಜಿಂಕೆನ ಎಬ್ಬಿಸೋದಿಲ್ಲ. ಎಬ್ಬಿಸಿದ್ದು ನೀನು. ಈಗ ಮನೆಗೆ ಹೋಗು" ಅಂದರು. ಬೇಜಾರಾಯಿತು. ಆದರೆ ಸರಿಯಾಗಿಯೇ ಹೇಳಿದ್ದರು.

ರಾತ್ರಿ ಕಾಯಬೇಕೋ ಬೇಡವೋ ಅನ್ನುವುದೇನೂ ಸಲೀಸು ಲೆಕ್ಕವಲ್ಲ. ಹೊರಗೆ 44 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 7 ಡಿಗ್ರಿ ಸೆಲ್ಸಿಯಸ್. ಮಾಂಸ ಕೆಡದಿರಲು 40ರ ಕೆಳಗಿರಬೇಕು. ಹೊಟ್ಟೆ ಒಡೆದ ಪ್ರಾಣಿಯ ಒಳಗೆ ಅದಿನ್ನೂ ಬೇಗ ಕೆಡುತ್ತೆ. ಕಯೋಟಿಗಳು ಇವೆ, ನಮ್ಮ ನರಿಯ ದೊಡ್ಡ ಅಣ್ಣಂದಿರು. ಇದೆಲ್ಲ ಒಂದು ತಕ್ಕಡಿಯಲ್ಲಿ. ಇನ್ನೊಂದರಲ್ಲಿ, ಈಗಾಗಲೇ ಒಮ್ಮೆ ಎದ್ದ ಜಿಂಕೆ ಮತ್ತೊಮ್ಮೆ ಎದ್ದರೆ ಮೈಲಿಗಟ್ಟಲೆ ಹೋಗಿ, ಯಾರಿಗೂ ಸಿಗದೆ ಸಾಯುವುದು. ಮ್ಯಾಡಿಸನ್‌ನಲ್ಲಿರುವ ಕೊಪ್ಪದ ಗೆಳೆಯನಿಗೆ ಫೋನ್ ಮಾಡಿದೆ. ಅವನು ಬೇಟೆಯಾಡುವವನಲ್ಲ, ಎಳೆಯಲು ಮಾತ್ರ ಬರುತ್ತಾನೆ. "ಕತ್ಲಲ್ಲಿ ಹುಡುಕಿ ಎಂಥ ಮಾಡ್ತೀಯ ಮಾರಾಯ, ನಾಯಿ ಕರ್ಸು" ಅಂದ. ಹೆಂಡತಿ ಕೇಳಿದ್ದು ಬೇರೆ: "ರಾತ್ರಿಯೆಲ್ಲ ಅದಕ್ಕೆ ನೋಯ್ತಾ ಇರುತ್ತಾ?" ಇರುತ್ತೆ ಅಂದೆ. ಅದಕ್ಕೆ ಬೇರೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಇವತ್ತಿಗೂ ಇಲ್ಲ.

ಇನ್ನೊಂದು ಕೆಲಸ ಬಾಕಿ ಇತ್ತು. ಜಿಂಕೆ ಹೋದ ದಿಕ್ಕಿನಲ್ಲಿ ಹಳ್ಳ ದಾಟಿದರೆ ಪಕ್ಕದ ಜಮೀನು. ವಿಸ್ಕಾನ್ಸಿನ್‌ನಲ್ಲಿ ಗಾಯಗೊಂಡ ಪ್ರಾಣಿಯ ಹಿಂದೆಯೇ ಆದರೂ ಕೇಳದೆ ಬೇರೆಯವರ ನೆಲಕ್ಕೆ ಕಾಲಿಡುವ ಹಾಗಿಲ್ಲ. ಪಕ್ಕದವರು ಆಮಿಷ್ ಕುಟುಂಬ, ಹಳೇ ಕಾಲದ ಹಾಗೇ ಬದುಕುವ ಒಂದು ಕ್ರೈಸ್ತ ಪಂಗಡದವರು. ಈ ಕೌಂಟಿಯಲ್ಲಿ ಅವರು ಬಹಳ ಜನ ಇದ್ದಾರೆ. ಕರೆಂಟ್ ಇಲ್ಲ, ಮನೆಯೊಳಗೆ ಫೋನ್ ಇಲ್ಲ. ಆ ಮಳೆಯಲ್ಲಿ ಕಾರು ತೆಗೆದುಕೊಂಡು ಹೋಗಿ, ಲಾಟೀನು ಉರಿಯುತ್ತಿದ್ದ ಬಾಗಿಲು ತಟ್ಟಿದೆ. ಗಡ್ಡದ ಯಜಮಾನ ಪೂರ್ತಿ ಕೇಳಿಸಿಕೊಂಡು, "ಬೇಲಿಯ ಗೇಟು ಹಾಕಿಕೊಂಡು ಹೋಗಿ, ಕುದುರೆಗಳಿವೆ" ಅಂದರು. ಅಷ್ಟೇ ಮಾತು.

ನಾಯಿ

ಗಾಯಗೊಂಡ ಜಿಂಕೆ ಹುಡುಕಲು ಹಗ್ಗ ಕಟ್ಟಿದ ನಾಯಿ ಬಳಸಲು ವಿಸ್ಕಾನ್ಸಿನ್‌ನಲ್ಲಿ ಅನುಮತಿ ಇದೆ. ಯುನೈಟೆಡ್ ಬ್ಲಡ್ ಟ್ರ್ಯಾಕರ್ಸ್ ಅನ್ನುವ ಸಂಘದ ಪಟ್ಟಿಯಲ್ಲಿ ಹುಡುಕಿದರೆ ಹತ್ತಿರದ ನಾಯಿ ಮಾಲೀಕರು ಸಿಗುತ್ತಾರೆ. ನನಗೆ ಸಿಕ್ಕವರು 40 ಮೈಲಿ ದೂರದವರು. ಫೋನಿನಲ್ಲಿ ಮೂರೇ ಪ್ರಶ್ನೆ: ಎಲ್ಲಿ ತಾಗಿತು, ಎಷ್ಟು ಹೊತ್ತಿಗೆ, ಎಷ್ಟು ಜನ ತುಳಿದಿದ್ದೀರಿ? ಮೂರನೆಯದಕ್ಕೆ "ನಾನೊಬ್ಬನೇ, ನಲವತ್ತು ಹೆಜ್ಜೆ" ಅಂದಾಗ, "ಸದ್ಯ" ಅಂದರು. ಜನ ಸೇರಿಸಿಕೊಂಡು ರಾತ್ರಿಯೆಲ್ಲ ಕಾಡು ತುಳಿದ ಮೇಲೆ ಕರೆಯುವವರೇ ಜಾಸ್ತಿಯಂತೆ. ಎಲ್ಲರ ಬೂಟಿಗೂ ಆ ರಕ್ತ ಅಂಟಿ, ಹತ್ತು ದಿಕ್ಕಿಗೆ ಹತ್ತು ಜಾಡು ಆಗಿರುತ್ತೆ.

ಬೆಳಿಗ್ಗೆ 6:45ಕ್ಕೆ ಅವರ ಪಿಕಪ್‌ನಿಂದ ಇಳಿದದ್ದು ಒಂದು ಡ್ಯಾಶ್‌ಹುಂಡ್. ಮೊಣಕಾಲಿಗೂ ಬರದ, ಒರಟು ಕೂದಲಿನ, ಗಡ್ಡ ಬಿಟ್ಟ ಮುದುಕನಂಥ ನಾಯಿ. ನನ್ನ ಗೆಳೆಯ ಅದನ್ನು ನೋಡಿ ಕನ್ನಡದಲ್ಲಿ, "ಇದಾ?" ಅಂದ. ಮಳೆ ನಿಂತಿತ್ತು. ರೈತರ ಅಂಗಳದ ಮಳೆಮಾಪಕದಲ್ಲಿ ಮುಕ್ಕಾಲು ಇಂಚು.

ರಿಬ್ಬನ್ ಹತ್ತಿರ ನಾಯಿಯನ್ನು ಬಿಟ್ಟರು. 30 ಅಡಿ ಹಗ್ಗ. ಅದು ಎಲೆಗೆ ಮೂಗು ಒತ್ತಿ, ಎರಡು ಸುತ್ತು ಹಾಕಿ, ಅಂಚಿನ ಕಡೆ ಎಳೆಯಿತು. ನಮಗೆ ಏನೂ ಕಾಣಿಸುತ್ತಿರಲಿಲ್ಲ. ನಾಯಿ ಹುಡುಕುವುದು ರಕ್ತವನ್ನಷ್ಟೇ ಅಲ್ಲ ಅಂತ ಮಾಲೀಕರು ಹೇಳಿದರು. ಜಿಂಕೆಯ ಗೊರಸಿನ ಸೀಳಿನ ನಡುವೆ ಒಂದು ಗ್ರಂಥಿ ಇದೆ, ಪ್ರತಿ ಹೆಜ್ಜೆಗೂ ಅದರ ವಾಸನೆ ನೆಲಕ್ಕೆ ಅಂಟುತ್ತೆ. ಒಂದೊಂದು ಜಿಂಕೆಯದು ಒಂದೊಂದು ವಾಸನೆ. ಒಣ ನೆಲಕ್ಕಿಂತ ತಂಪಾದ, ಒದ್ದೆ ನೆಲದಲ್ಲಿ ಅದು ಚೆನ್ನಾಗಿ ನಿಲ್ಲುತ್ತೆ. ಅಂದರೆ ನಾನು ರಾತ್ರಿಯೆಲ್ಲ ಶಪಿಸಿದ ಮಳೆ ನಾಯಿಗೆ ಅಂಥ ಅಡ್ಡಿಯೇ ಆಗಿರಲಿಲ್ಲ.

ಅಂಚಿನಿಂದ ಕೆಳಗೆ, ರಿಬ್ಬನ್‌ನಿಂದ ಲೆಕ್ಕ ಹಾಕಿದರೆ 90 ಗಜದಲ್ಲಿ, ಬಿದ್ದ ಓಕ್ ದಿಮ್ಮಿಯ ಪಕ್ಕ ನಾಯಿ ನಿಂತು ಬಾಲ ಆಡಿಸಿತು. ಮಾಲೀಕರು ಬಗ್ಗಿ ಒಂದು ಎಲೆ ಮಗುಚಿದರು. ಮೇಲೆ ಬರೀ ನೀರು, ಕೆಳಗೆ ಗಟ್ಟಿಯಾದ ಕಡುಗೆಂಪು. ಇನ್ನೊಂದು ಎಲೆ, ಇನ್ನೊಂದು. ಅಗಲವಾಗಿ, ಜಿಂಕೆ ಮೈಯಷ್ಟು ಉದ್ದಕ್ಕೆ ಎಲೆಗಳು ಒತ್ತಿಕೊಂಡಿದ್ದವು. ದಿಮ್ಮಿಯ ಮಳೆ ಬೀಳದ ಮಗ್ಗುಲಲ್ಲಿ ಒರೆಸಿದ ಹಾಗೆ ಒಂದು ಕಲೆ. ಬಾಣ ತಾಗಿದ ಮೇಲೆ ಅದು ಇಲ್ಲಿಗೆ ಬಂದು ಮಲಗಿತ್ತು. ನಾನು ಟಾರ್ಚ್ ಹಾಕಿದ ಅಂಚು ಅಲ್ಲಿಂದ ಬಹಳ ದೂರವೇನೂ ಇಲ್ಲ. ಯಾರೂ ಮಾತಾಡಲಿಲ್ಲ. ಆಗ ನನ್ನ ಮೊಣಕಾಲಿನ ಗಾಯ ಉರಿಯಲು ಶುರುವಾದದ್ದು ಮಾತ್ರ ನೆನಪಿದೆ.

ಅಲ್ಲಿಂದ ಮುಂದೆ 430 ಗಜ ಹೆಚ್ಚುವರಿ. ಹಳ್ಳದಲ್ಲಿ ನಾಯಿ ಹತ್ತು ನಿಮಿಷ ತಡವರಿಸಿತು, ಮೇಲೆ ಕೆಳಗೆ ಓಡಿ ಆ ದಡದಲ್ಲಿ ಜಾಡು ಹಿಡಿಯಿತು. ಹೊಟ್ಟೆಗೆ ಏಟಾದ ಜಿಂಕೆ ನೀರಿನ ಕಡೆ ಹೋಗುತ್ತೆ ಅನ್ನುವುದು ಬೇಟೆಗಾರರ ಮಾತು, ಇಲ್ಲಿ ಹಾಗೇ ಆಗಿತ್ತು. ಗೇಟು ದಾಟಿದೆವು, ಹಾಕಿಕೊಂಡೆವು. ಕುದುರೆಗಳು ಬೇಲಿಯ ಪಕ್ಕ ಸಾಲಾಗಿ ನಿಂತು ನೋಡಿದವು. ಅದರಾಚೆ ಮುಳ್ಳುಬೆರ್ರಿ ಪೊದೆಯಲ್ಲಿ, ಕತ್ತು ಹಿಂದಕ್ಕೆ ತಿರುಗಿಸಿಕೊಂಡು ಜಿಂಕೆ ಬಿದ್ದಿತ್ತು. ದವಡೆ ಸೆಟೆದಿತ್ತು. ಸತ್ತು ಬಹಳ ಹೊತ್ತಾಗಿತ್ತು.

ತೋಳು

ಬಾಣ ಪಿತ್ತಜನಕಾಂಗದ ಹಿಂದಿನ ಅಂಚು ಕೊಯ್ದು, ಹೊಟ್ಟೆಯ ಮೂಲಕ ಹೊರಬಿದ್ದಿತ್ತು. 24 ಗಜದಲ್ಲಿ, ನಿಂತ ಜಿಂಕೆಗೆ, ಐದಾರು ಇಂಚು ತಪ್ಪುವುದು ನನ್ನ ಅಭ್ಯಾಸದ ಲೆಕ್ಕಕ್ಕೆ ಹೊಂದುವುದಿಲ್ಲ. ಮೊದಲು ಜಿಂಕೆ ಸದ್ದಿಗೆ ಬೆಚ್ಚಿ ಅಲುಗಿತು ಅಂದುಕೊಂಡೆ. ಅದು ಆಗುವಂಥದ್ದೇ. ನನ್ನ ಬಾಣದ ವೇಗ ಸೆಕೆಂಡಿಗೆ 270 ಅಡಿ, ಸದ್ದಿನದು 1,100 ಅಡಿಗೂ ಮೇಲೆ. ಬಾಣ ತಲುಪುವಷ್ಟರಲ್ಲಿ ಜಿಂಕೆಗೆ ಸೆಕೆಂಡಿನ ಐದನೇ ಒಂದು ಭಾಗ ಸಿಗುತ್ತೆ. ಆದರೆ ಬೆಚ್ಚಿದ ಜಿಂಕೆ ಓಡಲು ಕಾಲು ಮಡಚಿ ಕೆಳಗೆ ಕುಸಿಯುತ್ತೆ, ಬಾಣ ಮೇಲೆ ತಾಗುತ್ತೆ. ಇಲ್ಲಿ ಎತ್ತರ ಸರಿಯಾಗಿಯೇ ಇತ್ತು, ತಪ್ಪಿದ್ದು ಪಕ್ಕಕ್ಕೆ.

ಆಗ ನೆನಪಾದದ್ದು ಆ 'ಟಪ್' ಸದ್ದು. ಜಾಕೆಟ್ ತೆಗೆದು ನೋಡಿದೆ. ಎಡ ಮುಂಗೈ ತೋಳಿನ ಒಳಮಗ್ಗುಲಲ್ಲಿ ಬೆರಳುದ್ದದ ಬಿಳಿ ಗೆರೆ. ಹೆದೆಯ ಮೇಣ. ನೆಂದು ಭಾರವಾದ ತೋಳು ಜೋಲಿ ಬಿದ್ದು ಹೆದೆಯ ದಾರಿಗೆ ಅಡ್ಡ ಬಂದಿತ್ತು.

ಮುಂದಿನ ಶನಿವಾರ ಅದೇ ಜಾಕೆಟ್ ಹಾಕಿ, ಪೈಪಿನಲ್ಲಿ ತೋಳು ನೆನೆಸಿಕೊಂಡು, ಹಿತ್ತಿಲಲ್ಲಿ 24 ಗಜಕ್ಕೆ ಐದು ಬಾಣ ಹೊಡೆದೆ. ಮೂರು ಸರಿಯಾಗಿ ಬಿದ್ದವು. ಎರಡು ಸಲ 'ಟಪ್' ಅಂತು, ಆ ಎರಡೂ ಎಡಕ್ಕೆ, ಒಂದು ನಾಲ್ಕು ಇಂಚು, ಇನ್ನೊಂದು ಆರು. ತೋಳಿನ ಮೇಲೆ 8 ಡಾಲರಿನ ಆರ್ಮ್ ಗಾರ್ಡ್ ಕಟ್ಟಿ ಮತ್ತೆ ಐದು. ಐದೂ ಒಂದು ಅಂಗೈಯೊಳಗೆ. ಜಿಂಕೆ ಬಲಕ್ಕೆ ಮುಖ ಮಾಡಿತ್ತು, ಎಡಕ್ಕೆ ಹೋದ ಬಾಣ ಹಿಂದೆಯೇ ತಾಗಬೇಕು. ಲೆಕ್ಕ ಕೂಡಿಬಂತು. ಬೇಸಿಗೆಯಿಡೀ ಟೀ ಶರ್ಟಿನಲ್ಲಿ ಅಭ್ಯಾಸ ಮಾಡಿ, ಮಳೆಯ ದಿನ ಮೊದಲ ಸಲ ದಪ್ಪ ಜಾಕೆಟ್ ಹಾಕಿ ಪ್ರಾಣಿಯ ಮೇಲೆ ಬಾಣ ಬಿಟ್ಟಿದ್ದೆ ನಾನು. ಇದಕ್ಕಿಂತ ಸರಳವಾದ ತಪ್ಪು ಇರಲಾರದು.

ಮಳೆಯಲ್ಲಿ ಬೇಟೆ ಬೇಡವೇ ಬೇಡ ಅನ್ನುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಆದರೆ ಈಗ ರೇಡಾರಿನಲ್ಲಿ ಎರಡು ಗಂಟೆಯೊಳಗೆ ಜೋರು ಮಳೆ ಕಂಡರೆ ಬಿಲ್ಲು ಎತ್ತುವುದಿಲ್ಲ. ನಾಯಿ ಮಾಲೀಕರ ನಂಬರ್ ಹತ್ತುವ ಮುಂಚೆಯೇ ಫೋನಿನಲ್ಲಿರುತ್ತೆ, ಆ ದಿನ ಬರಬಲ್ಲರಾ ಅಂತ ಕೇಳಿಯೂ ಇರುತ್ತೇನೆ. ಮತ್ತೆ, ಮಳೆ ಬೀಳುವ ಹೊತ್ತಿಗಿಂತ ನಿಂತ ಮೇಲಿನ ಮೊದಲ ಗಂಟೆಯೇ ನನಗೆ ಇಷ್ಟ. ಜಿಂಕೆಗಳು ಮೈ ಕೊಡವಿಕೊಂಡು ಮೇಯಲು ಬರುತ್ತವೆ, ನೆಲ ಇನ್ನೂ ಮೆತ್ತಗಿರುತ್ತೆ, ರಕ್ತ ಬಿದ್ದರೆ ಬಿದ್ದಲ್ಲೇ ಇರುತ್ತೆ.

ಫ್ರೀಜರ್

ಹೊಟ್ಟೆಯ ರಸ ಒಳಗೆಲ್ಲ ಹರಡಿತ್ತು. ಬೆನ್ನುಮೂಳೆಯ ಒಳಮಗ್ಗುಲಿಗೆ ಅಂಟಿದ ಮೆತ್ತನೆ ಮಾಂಸ, ಪಕ್ಕೆ, ಒಂದು ತೊಡೆಯ ಭಾಗ ಬಿಸಾಡಬೇಕಾಯಿತು. ಮೂರರಲ್ಲಿ ಒಂದು ಪಾಲು ಹೋಯಿತು ಅಂತಿಟ್ಟುಕೊಳ್ಳಿ. ಸಿಕ್ಕ ಮಾರನೇ ದಿನ ಸಂಜೆ 5ರೊಳಗೆ ನೋಂದಣಿ ಮಾಡಿಸಬೇಕು ಅನ್ನುವುದು ನಿಯಮ. ಅದನ್ನು ಗದ್ದೆಯಲ್ಲೇ ಫೋನಿನಲ್ಲಿ ಮುಗಿಸಿದೆ.

ಉಳಿದ ಮಾಂಸವನ್ನೂ ಕೂಡಲೇ ತಿನ್ನುವ ಹಾಗಿರಲಿಲ್ಲ. ವಿಸ್ಕಾನ್ಸಿನ್ ಜಿಂಕೆಗಳಲ್ಲಿ ಸಿಡಬ್ಲ್ಯೂಡಿ ಅನ್ನುವ ಮೆದುಳಿನ ಕಾಯಿಲೆ 2002ರಲ್ಲಿ ಪತ್ತೆಯಾಯಿತು. ಪ್ರಿಯಾನ್ ಅನ್ನುವ ಕೆಟ್ಟುಹೋದ ಪ್ರೋಟೀನಿನಿಂದ ಬರುವ ಕಾಯಿಲೆ. ಬೇಯಿಸಿದರೆ ಹೋಗುವುದಿಲ್ಲ. ಮನುಷ್ಯರಿಗೆ ಬಂದದ್ದು ಖಚಿತವಾಗಿಲ್ಲ, ಆದರೂ ಸೋಂಕಿರುವ ಜಿಂಕೆ ತಿನ್ನಬೇಡಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತೆ. ಪರೀಕ್ಷೆಗೆ ಕತ್ತಿನ ಗ್ರಂಥಿ ಬೇಕು. ರಸ್ತೆ ಬದಿಯ ಒಂದು ಪೆಟ್ಟಿಗೆಯಲ್ಲಿ, ಕೊಂಬು ಕತ್ತರಿಸಿಕೊಂಡು, ತಲೆಯನ್ನು ಚೀಲದಲ್ಲಿ ಕಟ್ಟಿ, ಚೀಟಿ ಬರೆದು ಇಟ್ಟು ಬಂದೆ. ಕಾಸಿಲ್ಲ. ಫಲಿತಾಂಶ ಬರುವವರೆಗೆ ಮಾಂಸದ ಪೊಟ್ಟಣಗಳ ಮೇಲೆ ಹೆಂಡತಿ ಕನ್ನಡದಲ್ಲಿ 'ಮುಟ್ಟಬೇಡಿ' ಅಂತ ಬರೆದು ಅಂಟಿಸಿದ್ದಳು. ಎರಡು ವಾರ ಕಳೆದು ಮೆಸೇಜ್ ಬಂತು: ಪತ್ತೆಯಾಗಿಲ್ಲ.

ನಾಯಿ ಮಾಲೀಕರು ದುಡ್ಡು ಬೇಡ, ಪೆಟ್ರೋಲಿಗೆ ಕೊಡಿ ಸಾಕು ಅಂದಿದ್ದರು. ಹೊರಡುವಾಗ ಇನ್ನೊಂದು ಕೇಳಿದರು: ಜಿಂಕೆಯ ನಾಲ್ಕು ಪಾದ. ಮೊಣಕಾಲಿನ ಕೆಳಗೆ ಕೊಯ್ದುಕೊಟ್ಟೆ. ಮನೆಯಲ್ಲಿ ಮೂರು ತಿಂಗಳ ಮರಿ ಇದೆ, ಬೂಟಿನ ಅಡಿಗೆ ಈ ಗೊರಸು ಕಟ್ಟಿಕೊಂಡು ಕಾಡಿನಲ್ಲಿ ನಡೆದು, ಮಾರನೇ ದಿನ ಆ ಜಾಡಿನ ಮೇಲೆ ಮರಿಯನ್ನು ಬಿಡುತ್ತೇನೆ ಅಂದರು. ಪಾದಗಳನ್ನು ಬ್ರೆಡ್ಡಿನ ಖಾಲಿ ಕವರಿಗೆ ಹಾಕಿಕೊಂಡು, ಒದ್ದೆ ನಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು.